ಖಾಲಿ ಗಾಡಿಯ ತೂಕ

ಶೋರೂಮಿನ ಹುಡುಗ ಮೌನೇಶ, ಹೆಸರಿಗೆ ಮಾತ್ರ ಮೌನ,
ಗಾಜಿನ ಪರದೆ ಸವರಿ ಸವರಿ ತೋರಿಸಿದ:
ನಾನೂರ ಐವತ್ತು ಕಿಲೋಮೀಟರ್ ಅಕ್ಕಾ, ಒಂದೇ ಚಾರ್ಜಿಗೆ.
ಯಾವ ಊರಿನ ಕಿಲೋಮೀಟರ್ ಅವು, ಅಂದೆ.
ಮೇ ತಿಂಗಳ ರಾಯಚೂರು ಗೊತ್ತೇನು ಅವಕ್ಕೆ?
ಏಸಿ ಹಾಕಿ, ಹಿಂದೆ ಅತ್ತೆಯನ್ನು ಕೂಡಿಸಿಕೊಂಡು
ಪ್ರತಿ ಐತವಾರ ಹಟ್ಟಿಗೆ, ಗಂಡನಿರುವಲ್ಲಿಗೆ,
ಹೋಗಿ ಬರಬೇಕು ನಾನು.
ಮುನ್ನೂರು ಅನ್ರಿ, ಅಂದ. ಸುಮ್ಮನೆ ನೋಡಿದೆ.
ಎರಡುನೂರ ಎಂಬತ್ತು, ಖರೇ ಹೇಳಬೇಕಂದ್ರ.

ನನ್ನ ಕೆಲಸವೇ ತೂಗುವುದು.
ಲಿಂಗಸೂಗೂರು ರಸ್ತೆಯಲ್ಲಿ ಅರವತ್ತು ಟನ್ನಿನ ಕಾಟಾ,
ಹನ್ನೊಂದು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ.
ಹತ್ತಿ ಲಾರಿ ಬಂದರೆ ಗುಡ್ಡವೇ ಬಂದಂತೆ,
ಅಂಕಿ ನೋಡಿದರೆ ಅರ್ಧ ಗಾಳಿ.
ಈ ಕಾರುಗಳೂ ಹಾಗೆ. ಎದೆ ಉಬ್ಬಿಸಿ ನಿಂತ ಮೂರೂ
ಒಳಗೆ ನಮ್ಮ ಹಳೆಯ ಗಾಡಿಗಿಂತ ನಾಲ್ಕು ಬೆರಳು ಅಗಲ.

ನೀಲಿಯದು ಕರೆಂಟಿನದು.
ಬಿಳಿಯದೂ ಕರೆಂಟಿನದೇ, ಒಂದೂವರೆ ಲಕ್ಷ ಕಡಿಮೆ,
ಆದರೆ ಹೊಟ್ಟೆ ನೆಲಕ್ಕೆ ತೀರ ಹತ್ತಿರ;
ಕಲ್ಮಲದ ಆಚೆಯ ಗುಂಡಿಗಳಿಗೆ ಅದನ್ನು ಒಪ್ಪಿಸಲು ಮನಸ್ಸಾಗಲಿಲ್ಲ.
ಕಂದು ಬಣ್ಣದ್ದು ಡೀಸೆಲ್. ಅದರ ವಕೀಲ ಮೆಕ್ಯಾನಿಕ್ ಖಾಜಾಹುಸೇನ:
ಇದಕ್ಕ ಪಾನಾ, ಸುತ್ತಿಗಿ ಸಾಕ್ರೀ.
ಅದು ಕೆಟ್ರ ಲ್ಯಾಪ್‌ಟಾಪ್ ಹಿಡಕೊಂಡು
ಹೈದರಾಬಾದಿನ ಡಾಕ್ಟರೇ ಬರಬೇಕು.
ಹೊಟ್ಟೆಪಾಡಿನ ಸಾಕ್ಷಿ ಅದು, ಗೊತ್ತು. ಆದರೂ ಅರ್ಧ ನಂಬಿದೆ.

ಅತ್ತೆ ಹುಲಿಗೆಮ್ಮ ಬೆಲೆ ಕೇಳಲಿಲ್ಲ.
ಮೂರಕ್ಕೂ ಹತ್ತಿದಳು, ಮೂರರಿಂದಲೂ ಇಳಿದಳು,
ಎರಡರಲ್ಲಿ ಮೊಣಕಾಲು ಯಪ್ಪಾ ಅಂತು.
ನೀಲಿಯದರಿಂದ ಇಳಿದು ಸೀರೆ ಕೊಡವಿ
ಇದು ನನ್ನ ಎತ್ತರ ಅದ ನೋಡು, ಅಂದಳು.

ಓಡಿಸಿ ನೋಡಲು ಕೊಟ್ಟ ಅರ್ಧ ಗಂಟೆಯಲ್ಲಿ
ಅದನ್ನು ನೆಟ್ಟಗೆ ಕಾಟಾಕ್ಕೆ ತಂದೆ.
ಮೌನೇಶನಿಗೆ ಗಾಬರಿ: ಮಾಲು ಗಾಡೀನಾ ಅಕ್ಕಾ ಇದು?
ಎಲ್ಲರನ್ನೂ ಇಳಿಸಿ ತೂಗಿದೆ. ಸಾವಿರದ ಆರುನೂರ ನಲವತ್ತು.
ಡೀಸೆಲ್ ಗಾಡಿ ದಾರಿ ಸವೆದಂತೆ ಹಗುರಾಗುತ್ತದೆ.
ಇದು ತುಂಬಿದಾಗ ಎಷ್ಟೋ, ಬತ್ತಿದಾಗಲೂ ಅಷ್ಟೇ.
ಕರೆಂಟಿಗೆ ತೂಕವೇ ಇಲ್ಲ, ಎಂದುಕೊಂಡೆ.
ಒಂದು ಗಳಿಗೆ ಮರುಳಾದೆ:
ಹೊಗೆಯಿಲ್ಲ, ಸದ್ದಿಲ್ಲ, ಹೋಗಿ ಬರುವುದು ಮಾತ್ರ.

ಹಿಂದೆ ಹಾರ್ನು.
ಶಕ್ತಿನಗರದ ಬೂದಿ ಲಾರಿ, ತಾಡಪಾಲಿನ ಅಂಚಿನಿಂದ ಸೋರುತ್ತ,
ಡ್ರೈವರನ ಹುಬ್ಬು ಕೂಡ ಬೆಳ್ಳಗೆ.
ಕಾರು ಸರಿಸಿ ಅವನನ್ನು ತೂಗಿದೆ.
ನಲವತ್ತೊಂದು ಟನ್ನು, ಮೇಲೆ ಇನ್ನೂರು ಕಿಲೋ.
ಹನ್ನೊಂದು ವರ್ಷ ನಾನು ತೂಗಿದ್ದೇ ಕರೆಂಟಿನ ತೂಕ,
ಚೀಟಿಯ ಮೇಲೆ ಬೇರೆ ಹೆಸರು ಬರೆದು.
ನೀಲಿ ಬಾನೆಟ್ಟಿನ ಮೇಲೆ ಆಗಲೇ ಒಂದು ಪದರ.
ಮೌನೇಶ ಕರ್ಚೀಫಿನಿಂದ ಒರೆಸಿದ. ಮತ್ತೆ ಕೂತಿತು.

ಡೀಸೆಲ್ಲಿನ ಬೂದಿ?
ಅದು ಎಲ್ಲೋ ಸಮುದ್ರದಾಚೆ, ನನ್ನ ಹಲಗೆಗೆ ಬಂದಿಲ್ಲ.
ತೂಗಲಿಲ್ಲವೆಂದು ಸೊನ್ನೆ ಬರೆಯುವ ಕಾಟಾ ನನ್ನದಲ್ಲ.

ಅಮರೇಶನಿಗೆ ಫೋನು ಮಾಡಿದೆ. ಆಗಷ್ಟೇ ಗಣಿಯಿಂದ ಮೇಲೆ ಬಂದಿದ್ದ,
ಟನ್ನು ಕಲ್ಲು ಅರೆದು ಎರಡು ಮೂರು ಗ್ರಾಂ ಬಂಗಾರ ಹುಡುಕುವವರ ಪೈಕಿ.
ಎಲ್ಲ ಕೇಳಿ, ಕವಿತಾಳದಾಗ ಚಾರ್ಜರ್ ಅದನೋ ಇಲ್ಲೋ, ಅಂದ.
ಫೋನಿನ ನಕ್ಷೆಯಲ್ಲಿ ಅದ.
ಹೋದ ವಾರ ಕಂಡಾಗ ಮುಚ್ಚಿದ ಧಾಬಾದ ಪಕ್ಕ
ಅದಕ್ಕೊಂದು ಆಡು ಕಟ್ಟಿದ್ದರು.
ಆಡಿಗೆ ಎಷ್ಟು ಚಾರ್ಜ್ ಆಗಿತ್ತು, ಅಂದ. ಇಬ್ಬರೂ ನಕ್ಕೆವು.
ನಿರ್ಧಾರ ಮಾತ್ರ ನನ್ನ ಕಡೆಯೇ ಉಳಿಯಿತು.

ಚೀಟಿ ಹೊಡೆಯಲೇಬೇಕು, ಮಷಿನ್ ಬಿಡುವುದಿಲ್ಲ.
ಕಾರನ್ನು ಮತ್ತೆ ಹಲಗೆಗೆ ತಂದು ನಾನಿಳಿದೆ.
ಒಟ್ಟು, ಸಾವಿರದ ಏಳುನೂರು.
ಖಾಲಿ, ಸಾವಿರದ ಆರುನೂರ ನಲವತ್ತು.
ಉಳಿದ ಅರವತ್ತು, ಬಿಸಿಲಿಗೆ ಸೋತು
ಏಸಿಯೊಳಗೆ ಹೋಗಿ ಕೂತ ಅತ್ತೆ.
ಮಾಲು ಎಂಬಲ್ಲಿ ಏನು ಬರೆಯಲಿ, ಕಿಟಕಿಯಿಂದ ಕೂಗಿದೆ.
ಗಾಜು ಇಳಿಸುವುದನ್ನು ಆಗಲೇ ಕಲಿತಿದ್ದಳು:
ಮಾಲಕಿ ಅಂತ ಬರಿ.